ಆನೆ ಕಾದ ಮೇಷ್ಟ್ರ ಸಕ್ಕರೆ

ನಮ್ಮ ಬಗ್ಗೆ ಯಾರಾದರೂ ಕೆಟ್ಟ ಮಾತು ಆಡಿದರೆ ನಾವು ಸಾಕ್ಷಿ ಕೇಳುತ್ತೇವೆ. ಒಳ್ಳೆಯ ಮಾತು ಆಡಿದರೆ ಯಾರೂ ಸಾಕ್ಷಿ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ಕಳೆದ ವರ್ಷ ಹಲಸು ಹಣ್ಣಾಗುವ ಹೊತ್ತಿನಿಂದ ಮಳೆ ಹಿಡಿಯುವವರೆಗೆ ನಮ್ಮ ಊರಿನವರು ನನ್ನನ್ನು ಧೈರ್ಯಶಾಲಿ ಎಂದು ಕರೆಯುತ್ತಿದ್ದರು. ಜಿರಲೆ ಕಂಡರೆ ಕುರ್ಚಿ ಹತ್ತುವವನು ನಾನು. ಅಂಥವನನ್ನು ಹಿಡಿದು ‘ಆನೆಗೂ ಹೆದರದ ಮೇಷ್ಟ್ರು’ ಎಂದು ಜನ ಹೊಗಳುವಾಗ, ಅಯ್ಯೋ ಅದೇನು ಮಹಾ ಎಂದು ತಲೆ ತಗ್ಗಿಸಿ, ಇನ್ನೊಂದು ಸಲ ಹೇಳಲಿ ಎಂದು ಅಲ್ಲೇ ನಿಂತಿರುತ್ತಿದ್ದೆ. ಆ ಧೈರ್ಯ ಹೊರಟು ಬರುತ್ತಿದ್ದ ಜಾಗ ನನ್ನ ಎದೆಯಲ್ಲ, ಅದಕ್ಕಿಂತ ಬಹಳ ಕೆಳಗಿನದು ಎಂದು ಗೊತ್ತಾದ ದಿನ ನನಗಾದ ಆಘಾತ ಇವತ್ತಿಗೂ ಪೂರ್ತಿ ಇಳಿದಿಲ್ಲ. ಅದನ್ನೇ ತೋಡಿಕೊಳ್ಳೋಣ ಎಂದು ಕೂತಿದ್ದೇನೆ.

ನಮ್ಮ ಊರು ಕುಶಾಲನಗರದಿಂದ ಕಾಡಿನ ಕಡೆಗೆ ಹೋಗುವ ರಸ್ತೆಯಲ್ಲಿದೆ. ನಮ್ಮಪ್ಪ ಹಾಸನದ ಕಡೆಯಿಂದ ಬಂದು ಇಲ್ಲಿ ಜಮೀನು ಮಾಡಿದವರು. ಮನೆ ಕಟ್ಟುವಾಗ ಅವರದು ಒಂದೇ ಹಟ: ಅಡುಗೆ ಮಾಡುವ ಸೂರಿನ ಕೆಳಗೆ ಕಕ್ಕಸು ಇರಕೂಡದು. ಹಾಗಾಗಿ ನಮ್ಮ ಕಕ್ಕಸು ಹಿತ್ತಲಿನ ಆ ತುದಿಯಲ್ಲಿ, ಕಾಫಿ ಗಿಡಗಳು ಶುರುವಾಗುವ ಕಡೆ ಇದೆ. ಮದುವೆಯಾಗಿ ಬಂದ ವಾರದಿಂದ ನನ್ನ ಹೆಂಡತಿ ಜಯಂತಿ ಒಳಗೊಂದು ಬಾತ್‌ರೂಮು ಕಟ್ಟಿಸಿ ಎನ್ನುತ್ತಿದ್ದಳು, ನಾನು ಅಪ್ಪನ ಮಾತನ್ನು ಮುಂದಿಟ್ಟು ತಪ್ಪಿಸಿಕೊಳ್ಳುತ್ತಿದ್ದೆ. ಹಗಲಿನಲ್ಲಿ ತೊಂದರೆಯಿಲ್ಲ. ರಾತ್ರಿ ಹೊರಗೆ ಕಾಲಿಡಬೇಕೆಂದರೆ ಒಂದು ಕ್ರಮವಿದೆ. ಮೊದಲು ಅಂಗಳದ ದೀಪ ಹಾಕಬೇಕು. ಕಿಟಕಿಯಿಂದ ಟಾರ್ಚು ಬಿಟ್ಟು ಹಿತ್ತಲನ್ನೆಲ್ಲ ನೋಡಬೇಕು. ಬಾಗಿಲ ಹಿಂದೆ ನೇತುಹಾಕಿದ ಹಳೆಯ ಸ್ಟೀಲ್ ತಟ್ಟೆಯನ್ನು ಸೌಟಿನಿಂದ ಬಾರಿಸಬೇಕು. ಊರಿಗೆ ಕೇಳುವ ಹಾಗೆ ಕೆಮ್ಮಬೇಕು. ಆಮೇಲೆ ಚಿಲಕ ತೆಗೆಯಬೇಕು. ಹಲಸಿನ ಕಾಲದಲ್ಲಿ ಮರದ ಬುಡದಲ್ಲಿ ನಿಂತಿರುವುದು ಬರೀ ಕತ್ತಲೆಯೋ ಆನೆಯೋ ಎಂದು ಹತ್ತಿರ ಹೋಗುವ ತನಕ ತಿಳಿಯುವುದಿಲ್ಲ, ಹತ್ತಿರ ಹೋದ ಮೇಲೆ ತಿಳಿದು ಉಪಯೋಗವಿಲ್ಲ. ಊರವರೆಲ್ಲ ಸೇರಿ ಆನೆಗೆಂದೇ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೇವೆ. ಆನೆ ಕಂಡವರು, ಸದ್ದು ಕೇಳಿದವರು, ಲದ್ದಿ ನೋಡಿದವರು ಅದರಲ್ಲಿ ಹಾಕಬೇಕು. ಬೆಳಗಿನ ಬಸ್ಸಿಗೆ ಹೋಗುವ ಮಕ್ಕಳು, ಎಸ್ಟೇಟಿಗೆ ಹೋಗುವ ಹೆಂಗಸರು ಅದನ್ನು ನೋಡಿಯೇ ಮನೆಯಿಂದ ಹೊರಡುತ್ತಾರೆ.

ಕಳೆದ ಮೇ ತಿಂಗಳ ಒಂದು ರಾತ್ರಿ ನನಗೆ ತಟ್ಟನೆ ಎಚ್ಚರವಾಯಿತು. ನಾನು ಮಲಗಿದರೆ ಏಳುವುದು ಬೆಳಿಗ್ಗೆಯೇ. ಜಯಂತಿಯ ಮಾತಿನಲ್ಲಿ ಹೇಳುವುದಾದರೆ ಮೈಮೇಲೆ ಹಂಚು ಬಿದ್ದರೂ ಏಳುವ ಜಾತಿಯಲ್ಲ. ಅಂಥವನಿಗೆ ಎಚ್ಚರವಾಗಿದೆ ಎಂದರೆ ಏನೋ ಕಾರಣ ಇರಲೇಬೇಕು ಎಂದುಕೊಂಡೆ. ಹೊರಗೆ ಹೋಗುವ ಅವಸರವೂ ಇತ್ತು, ಆದರೆ ಅದನ್ನು ನಾನು ಕಾರಣ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ದೀಪ ಹಾಕಿದೆ, ಟಾರ್ಚು ಬಿಟ್ಟೆ, ತಟ್ಟೆ ಬಾರಿಸಿದೆ, ಕೆಮ್ಮಿದೆ. ಕಕ್ಕಸಿನ ತನಕ ನಡೆಯಲು ಎದೆ ಬಾರದೆ ಅಂಗಳದಂಚಿನ ಹಾಲುವಾಣದ ಮರದ ಬುಡದಲ್ಲೇ ಕೆಲಸ ಮುಗಿಸಿದೆ. ಹೇಗೂ ಎದ್ದಿದ್ದೇನಲ್ಲ ಎಂದು ಗುಂಪಿನಲ್ಲಿ ‘ನಮ್ಮ ಕಡೆ ನೋಡಿದೆ, ಆನೆ ಇಲ್ಲ’ ಎಂದು ಹಾಕಿದೆ. ಹಾಕಿ ಫೋನು ಕೆಳಗಿಡುವಷ್ಟರಲ್ಲಿ ಪಕ್ಕದ ತೋಟದ ಪೊನ್ನಪ್ಪನವರಿಂದ ಹೆಬ್ಬೆರಳಿನ ಗುರುತು ಬಂತು. ಶಭಾಷ್ ಎಂದು ಬೆನ್ನು ತಟ್ಟಿದ ಹಾಗಾಯಿತು. ಒಂದು ಚೊಂಬು ನೀರು ಕುಡಿದು ಖುಷಿಯಿಂದ ಮಲಗಿದೆ.

ಅದೇ ರಾತ್ರಿ ಮತ್ತೆ ಎಚ್ಚರವಾಯಿತು. ಮರುದಿನವೂ ಆಯಿತು. ಅದರ ಮರುದಿನ ಇನ್ನೂ ಹೆಚ್ಚಾಯಿತು. ಪ್ರತಿ ಸಲವೂ ದೀಪ, ಟಾರ್ಚು, ತಟ್ಟೆ, ಕೆಮ್ಮು, ಹಾಲುವಾಣ, ಮೆಸೇಜು, ಚೊಂಬು ನೀರು. ಪ್ರತಿ ಸಲವೂ ಪೊನ್ನಪ್ಪನವರ ಹೆಬ್ಬೆರಳು. ಒಂದೆರಡು ವಾರದಲ್ಲಿ ಊರಿಗೆಲ್ಲ ಸುದ್ದಿಯಾಯಿತು. ಮೇಷ್ಟ್ರು ರಾತ್ರಿಯಿಡೀ ಕಾವಲು ಕಾಯುತ್ತಾರೆ, ನಾವು ನೆಮ್ಮದಿಯಾಗಿ ನಿದ್ದೆ ಮಾಡುತ್ತೇವೆ ಎಂದು ಅಂಗಡಿ ಮುಂದೆ ಜನ ಆಡಿಕೊಂಡರು. ನಾನು ಮೊದಮೊದಲು ಹಾಗೇನಿಲ್ಲ ಎನ್ನುತ್ತಿದ್ದೆ. ಆಮೇಲೆ ನನಗೂ ಅದು ನಿಜ ಎನ್ನಿಸತೊಡಗಿತು. ಯಾಕೆಂದರೆ ನಮ್ಮಪ್ಪನೂ ಹೀಗೆಯೇ ಇದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ರಾತ್ರಿ ಎಷ್ಟೋ ಸಲ ಎದ್ದು ಲಾಟೀನು ಹಿಡಿದು ಅಂಗಳಕ್ಕೆ ಹೋಗುತ್ತಿದ್ದರು. ಅಪ್ಪ ಯಾಕೆ ಏಳುತ್ತಾರೆ ಎಂದು ಕೇಳಿದರೆ ಅಮ್ಮ ಆನೆ ಕಾಯೋಕೆ ಕಣೋ ಎನ್ನುತ್ತಿದ್ದಳು. ಆ ಮಾತು ಕೇಳಿಕೊಂಡು ನಾವು ಧೈರ್ಯವಾಗಿ ಮಲಗುತ್ತಿದ್ದೆವು. ಈಗ ಅಪ್ಪನ ಗುಣ ನನಗೂ ಬಂದಿದೆ ಎಂದು ಎದೆ ತುಂಬಿ ಬಂತು. ಜಯಂತಿಯ ಹತ್ತಿರ ಹೇಳಿಯೂ ಹೇಳಿದೆ. ಅವಳು ನಿದ್ದೆಗಣ್ಣಿನಲ್ಲಿ, ಗುಣ ಬಂದದ್ದು ಸರಿ, ತಟ್ಟೆ ಸ್ವಲ್ಪ ಮೆಲ್ಲಗೆ ಬಾರಿಸಿ ಎಂದಳು.

ಇನ್ನು ಜನರ ಪ್ರೀತಿಯ ವಿಷಯ. ಊರಿಗಾಗಿ ನಿದ್ದೆಗೆಡುವವನನ್ನು ಬರಿಗೈಯಲ್ಲಿ ಬಿಡುವ ಜನ ಅಲ್ಲ ನಮ್ಮವರು. ಒಂದು ಮನೆಯಿಂದ ಹಲಸಿನ ತೊಳೆ ಬಂತು, ಇನ್ನೊಂದು ಮನೆಯಿಂದ ಹಲಸಿನ ಕಡುಬು ಬಂತು. ಪೊನ್ನಪ್ಪನವರು ತಮ್ಮ ತೋಟದ ನೇಂದ್ರ ಬಾಳೆಯ ಹಣ್ಣನ್ನು ಚಿಪ್ಪುಗಟ್ಟಲೆ ಕಳಿಸಿದರು, ಜೊತೆಗೆ ಒಂದು ಬಾಟಲಿ ಜೇನುತುಪ್ಪ. ರಾತ್ರಿ ಎಚ್ಚರ ಇರುವವರಿಗೆ ಮೈಯಲ್ಲಿ ಶಕ್ತಿ ಬೇಕು ಎಂದು ಎಲ್ಲರೂ ಹೇಳಿದರು. ನನಗೂ ಆಗ ವಿಚಿತ್ರವಾದ ಹಸಿವು. ಊಟ ಮಾಡಿ ಮಲಗಿದರೂ ನಡುರಾತ್ರಿ ಕಾವಲು ಮುಗಿಸಿ ಬಂದಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಬಾಳೆಹಣ್ಣನ್ನು ಜೇನಿನಲ್ಲಿ ಅದ್ದಿ ತಿನ್ನುತ್ತಿದ್ದೆ. ತಿಂದಷ್ಟೂ ಬಾಯಾರಿಕೆ, ಬಾಯಾರಿದಷ್ಟೂ ನೀರು, ನೀರು ಕುಡಿದಷ್ಟೂ ಕಾವಲು. ಕಾವಲು ಹೆಚ್ಚಾದಷ್ಟೂ ಜನರ ಪ್ರೀತಿ ಹೆಚ್ಚಾಗಿ ಇನ್ನೊಂದು ಕಡುಬು ಬರುತ್ತಿತ್ತು. ಹೀಗೆ ನಾನೂ ನಮ್ಮ ಊರೂ ಒಬ್ಬರನ್ನೊಬ್ಬರು ಬಹಳ ಚೆನ್ನಾಗಿ ನೋಡಿಕೊಂಡೆವು.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಹೇಳಲು ನಾಚಿಕೆಯಾಗುತ್ತದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ಮೇಷ್ಟ್ರು. ಮೇದೋಜೀರಕ ಗ್ರಂಥಿ, ಇನ್ಸುಲಿನ್, ಮಧುಮೇಹದ ಲಕ್ಷಣಗಳು, ಇವೆಲ್ಲ ನಾನು ವರ್ಷಗಟ್ಟಲೆ ಕಪ್ಪು ಹಲಗೆಯ ಮೇಲೆ ಬರೆದಿದ್ದೇನೆ. ‘ಲಕ್ಷಣಗಳು ಯಾವುವು?’ ಎಂದು ಕೇಳಿದರೆ ಇಡೀ ತರಗತಿ ‘ಅತಿ ಮೂತ್ರ, ಅತಿ ಬಾಯಾರಿಕೆ, ಅತಿ ಹಸಿವು’ ಎಂದು ಮಗ್ಗಿ ಹೇಳಿದ ಹಾಗೆ ಒಟ್ಟಿಗೆ ಕಿರುಚುವಂತೆ ಕಲಿಸಿದ್ದೇನೆ. ಮಕ್ಕಳು ಹೇಳಿದರೆ ಗುಡ್ ಎನ್ನುತ್ತಿದ್ದೆ. ಅದು ಪರೀಕ್ಷೆಗೆ ಬರುವ ಪ್ರಶ್ನೆ, ನನ್ನ ಮನೆಗೂ ಬರಬಹುದಾದ ಪ್ರಶ್ನೆ ಅಂತ ಒಂದು ದಿನವಾದರೂ ಹೊಳೆದಿದ್ದರೆ ಕೇಳಿ. ಪುಸ್ತಕದಲ್ಲಿರುವುದು ಪುಸ್ತಕದಲ್ಲಿ, ನಾನು ಹಾಲುವಾಣದ ಬುಡದಲ್ಲಿ.

ಆ ಹಾಲುವಾಣದ ಬುಡಕ್ಕೆ ಇರುವೆ ಸಾಲುಗಟ್ಟಿ ಬರತೊಡಗಿತು. ಜಯಂತಿ ಅರಿಶಿನ ಉದುರಿಸಿದಳು, ಸುತ್ತು ಹಾಕಿಕೊಂಡು ಬಂತು. ಮಳೆ ಹತ್ತಿರ ಬಂದಿದೆ, ಇರುವೆಗೆ ಅದು ನಮಗಿಂತ ಮುಂಚೆ ತಿಳಿಯುತ್ತದೆ ಎಂದು ಅವಳಿಗೆ ವಿಜ್ಞಾನ ಹೇಳಿದೆ. ರಾತ್ರಿ ಹಾಸಿಗೆಯಲ್ಲಿ ಅಂಗಾಲು ಉರಿಯುತ್ತಿತ್ತು, ಬೆರಳುಗಳಲ್ಲಿ ಜುಮುಜುಮು ಎನ್ನುತ್ತಿತ್ತು. ಬರಿಗಾಲಲ್ಲಿ ಅಂಗಳಕ್ಕೆ ಹೋಗಿ ಬಂದದ್ದಕ್ಕೆ ಎಂದುಕೊಂಡು ಎಣ್ಣೆ ಹಚ್ಚಿದೆ. ಶರ್ಟು ಸಡಿಲವಾಯಿತು, ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹಾಕಿಕೊಂಡೆ. ಪಾಪ, ಊರಿಗಾಗಿ ದುಡಿದು ಸೊರಗಿದ್ದಾರೆ ಎಂದು ಜನ ಮರುಗಿದರು. ಹಿಂದಿನ ಬೆಂಚಿನ ಮಕ್ಕಳ ಮುಖ ಮಸುಕಾಗಿ ಕಂಡಾಗ ನಿದ್ದೆ ಸಾಲದು ಎಂದುಕೊಂಡೆ. ನಮ್ಮ ಕೊಡಗಿನಲ್ಲಿ ಜನ ತಮ್ಮ ಮೂತ್ರವನ್ನು ಗಮನವಿಟ್ಟು ನೋಡುವುದು ವರ್ಷಕ್ಕೆ ಒಂದೇ ದಿನ. ಮಳೆಗಾಲದ ನಡುವೆ ಬರುವ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪಿನ ರಸದಲ್ಲಿ ನೇರಳೆ ಬಣ್ಣದ ಪಾಯಸ ಮಾಡಿ ತಿನ್ನುತ್ತಾರೆ. ಆ ದಿನ ಆ ಸೊಪ್ಪಿನಲ್ಲಿ ಎಲ್ಲ ಔಷಧಿಯೂ ಸೇರಿರುತ್ತದೆ ಎಂದು ನಂಬಿಕೆ. ಮರುದಿನ ಬೆಳಿಗ್ಗೆ ಮೂತ್ರ ಕೆಂಪಗಾದರೆ ಮದ್ದು ಮೈಗೆ ಹತ್ತಿತು ಎಂದು ಸಂತೋಷಪಡುತ್ತಾರೆ, ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ ಕೂಡ. ಉಳಿದ ದಿನ ಆ ಕಡೆ ನೋಡುವುದು ಮರ್ಯಾದೆಯಲ್ಲ. ನಾನು ಮರ್ಯಾದಸ್ಥನಾಗಿಯೇ ಉಳಿದೆ.

ಜೂನ್ ಕೊನೆಗೆ ಊರಿನವರು ಸೇರಿ ನನಗೆ ಸನ್ಮಾನ ಮಾಡಬೇಕೆಂದು ತೀರ್ಮಾನಿಸಿದರು. ಮುಂದೆ ನಿಂತವರು ಪೊನ್ನಪ್ಪನವರೇ. ಭಾನುವಾರ ಶಾಲೆಯ ಹಾಲ್‌ನಲ್ಲಿ ಸಭೆ, ಶಾಲು, ಹಾರ, ಹಣ್ಣಿನ ಬುಟ್ಟಿ ಎಂದು ಗುಂಪಿನಲ್ಲಿ ಬಂತು. ನಾನು ಬೇಡ ಬೇಡ ಎಂದು ಎರಡು ಸಲ ಹೇಳಿ, ಮೂರನೆಯ ಸಲ ಹೇಳಿದರೆ ಕೈಬಿಟ್ಟಾರು ಎಂದು ಸುಮ್ಮನಾದೆ. ಜಯಂತಿ ತನ್ನ ಅಣ್ಣನಿಗೆ ಫೋನು ಮಾಡಿ ಬರಹೇಳಿದಳು. ಶಿವಣ್ಣ ಭಾವ ಮಡಿಕೇರಿಯಲ್ಲಿ ಕಚೇರಿ ಕೆಲಸದಲ್ಲಿದ್ದು ನಿವೃತ್ತರಾದವರು. ಅವರಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಅದರ ಬಗ್ಗೆ ಅವರಿಗೆ ನಾಚಿಕೆಯಿಲ್ಲ, ಮಿಲಿಟರಿಯವರು ತಮ್ಮ ರೆಜಿಮೆಂಟಿನ ಬಗ್ಗೆ ಮಾತಾಡುವ ಹಾಗೆ ಮಾತಾಡುತ್ತಾರೆ. ಶುಕ್ರವಾರ ಸಂಜೆ ಬಂದರು. ಸಕ್ಕರೆ ಹಾಕದ ಕಾಫಿ ಕೇಳಿ ಕುಡಿದು, ನನ್ನ ಮುಂದೆ ಬಾಳೆಹಣ್ಣಿನ ಸಿಪ್ಪೆ ರಾಶಿ ಬಿದ್ದದ್ದನ್ನು ನೋಡಿದರು.

ಆ ರಾತ್ರಿ ನಾನು ಅತಿಥಿಗೆ ತೊಂದರೆಯಾಗದಿರಲಿ ಎಂದು ತಟ್ಟೆಯನ್ನು ಮೆಲ್ಲಗೆ ಬಾರಿಸಿ ಬಾಗಿಲು ತೆಗೆದೆ. ಹಾಲುವಾಣದ ಬುಡದಲ್ಲಿ ಯಾರೋ ನಿಂತಿದ್ದಾರೆ! ನನ್ನ ಪ್ರಾಣ ಬಾಯಿಗೆ ಬಂತು. ಟಾರ್ಚು ಬಿಟ್ಟರೆ ಮಫ್ಲರು ಸುತ್ತಿಕೊಂಡ ಶಿವಣ್ಣ ಭಾವ. ಅವರು ಹಿತ್ತಲ ಬಾಗಿಲಿನಿಂದ ನನಗಿಂತ ಮುಂಚೆ ಬಂದಿದ್ದರು. ಸ್ವಲ್ಪ ಸರಿದು ಜಾಗ ಕೊಟ್ಟರು. ಇಬ್ಬರೂ ಕೆಲಸ ಮುಗಿಸಿದೆವು. ನಾನು ಫೋನು ತೆಗೆದು ಆನೆ ಇಲ್ಲ ಎಂದು ಹಾಕಿದೆ, ಹೆಬ್ಬೆರಳು ಬಂತು, ಭಾವನಿಗೆ ತೋರಿಸಿ ಹೆಮ್ಮೆಪಟ್ಟೆ. ಒಳಗೆ ಬಂದು ಚೊಂಬು ಎತ್ತಿ ಗಟಗಟ ಕುಡಿದೆ. ಮತ್ತೆ ಎದ್ದಾಗ ಮತ್ತೆ ಅವರು ಅಲ್ಲೇ. ಮೂರನೆಯ ಸಲ ನಾನು ಹೋದಾಗ ಅವರು ಬರಲಿಲ್ಲ. ನಾಲ್ಕನೆಯ ಸಲವೂ ಬರಲಿಲ್ಲ. ನಾನು ಒಳಗೆ ಬಂದಾಗ ಜಗಲಿಯ ಬೆಂಚಿನ ಮೇಲೆ ಎದ್ದು ಕೂತಿದ್ದರು.

“ಭಾವಾ, ನಿಮಗೆ ಎಷ್ಟು ವರ್ಷದಿಂದ ಐತೆ?” ಎಂದರು.

ಏನು ಎಂದು ಕೇಳಿದೆ.

“ಸಕ್ಕರೆ ಕಣ್ರೀ. ನನಗೇ ರಾತ್ರಿಗೆ ಎರಡು ಸಲ. ನೀವು ನನ್ನೇ ಮೀರಿಸಿಬಿಟ್ರಲ್ಲ.”

ನಾನು ನಕ್ಕೆ. ನನಗೆಲ್ಲಿಯ ಸಕ್ಕರೆ, ನಾನು ಆನೆ ಕಾಯುವವನು, ಇದು ನಮ್ಮಪ್ಪನಿಂದ ಬಂದದ್ದು, ಅವರೂ ಹೀಗೆಯೇ ರಾತ್ರಿಯಿಡೀ ಏಳುತ್ತಿದ್ದರು ಎಂದೆ. ಭಾವ ನಗಲಿಲ್ಲ. ಮಫ್ಲರು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, “ನಿಮ್ಮಪ್ಪ ತೀರಿಕೊಂಡದ್ದು ಯಾತರಿಂದ?” ಎಂದು ಕೇಳಿದರು.

ಕಾಲಿನ ಗಾಯದಿಂದ ಎಂದು ಹೇಳಲು ಬಾಯಿ ತೆರೆದೆ. ಅಷ್ಟು ಹೇಳಿದರೆ ಸಾಕಿತ್ತು. ಮಾತು ಹೊರಡಲಿಲ್ಲ. ಗದ್ದೆಯಲ್ಲಿ ಕಲ್ಲು ತಾಗಿ ಅಪ್ಪನ ಹೆಬ್ಬೆರಳಿಗೆ ಆದ ಸಣ್ಣ ಗಾಯ ಮಾಯಲೇ ಇಲ್ಲ. ಸೊಪ್ಪು ಕಟ್ಟಿದೆವು, ಮುಲಾಮು ಹಚ್ಚಿದೆವು. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ಪಾದ ಕಪ್ಪಾಗಿತ್ತು. ನಾವು ಅದನ್ನು ಕಲ್ಲಿನ ತಪ್ಪು ಎಂದೇ ಇಷ್ಟು ವರ್ಷ ತಿಳಿದಿದ್ದೆವು. ಲಾಟೀನು ಹಿಡಿದು ಎದ್ದು ಹೋಗುತ್ತಿದ್ದ ಅಪ್ಪ, ಮಣ್ಣಿನ ಹೂಜಿಯಿಂದ ಗಟಗಟ ನೀರು ಕುಡಿಯುತ್ತಿದ್ದ ಅಪ್ಪ, ಅಂಗಾಲು ಉರಿಯುತ್ತದೆ ಎಂದು ತಣ್ಣನೆಯ ನೆಲಕ್ಕೆ ಕಾಲು ಒತ್ತಿಕೊಂಡು ಕೂರುತ್ತಿದ್ದ ಅಪ್ಪ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು ನಿಂತರು. ನಮ್ಮಪ್ಪ ಆನೆ ಕಾಯುತ್ತಿರಲಿಲ್ಲ. ಪಾಪ, ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

“ಬೆಳಿಗ್ಗೆ ಏನೂ ತಿನ್ನಬೇಡಿ, ಕಾಫಿಯೂ ಬೇಡ. ನಾನೂ ಬರ್ತೀನಿ,” ಎಂದು ಹೇಳಿ ಭಾವ ಮಲಗಿದರು. ನನಗೆ ನಿದ್ದೆ ಬರಲಿಲ್ಲ. ಅಂಗಾಲು ಉರಿಯುತ್ತಲೇ ಇತ್ತು. ಕತ್ತಲಲ್ಲಿ ಕಾಲ್ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡೆ.

ಕುಶಾಲನಗರದ ಲ್ಯಾಬಿನಲ್ಲಿ ಬರಿಹೊಟ್ಟೆಯಲ್ಲಿ ಒಮ್ಮೆ ರಕ್ತ ಕೊಟ್ಟೆ, ಇಡ್ಲಿ ತಿಂದು ಕಾದು ಕೂತು ಇನ್ನೊಮ್ಮೆ ಕೊಟ್ಟೆ. ಚೀಟಿಯಲ್ಲಿ ಬಂದ ಅಂಕೆ ನೋಡಿ ಇದು ಬೇರೆಯವರದ್ದು ಇರಬೇಕು ಎಂದು ವಾದ ಮಾಡಿದೆ. ನನ್ನ ಹೆಸರೇ ಇತ್ತು. ಭಾವ ಇಣುಕಿ ನೋಡಿ, ನಾನು ಶುರು ಮಾಡಿದಾಗ ಇದರ ಅರ್ಧ ಇತ್ತು ಎಂದು ಸ್ವಲ್ಪ ಅಸೂಯೆಯಿಂದಲೇ ಹೇಳಿದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ರಾತ್ರಿ ಎಷ್ಟು ಸಲ ಏಳುತ್ತೀರಿ, ನೀರು ಎಷ್ಟು ಕುಡಿಯುತ್ತೀರಿ, ತೂಕ ಇಳಿದಿದೆಯಾ, ಕಾಲು ಉರಿಯುತ್ತದಾ, ಕಣ್ಣು ಮಸುಕಾಗುತ್ತದಾ ಎಂದು ಕೇಳುತ್ತಾ ಹೋದಳು. ಎಲ್ಲಕ್ಕೂ ಹೌದು ಎಂದೆ. ಇಷ್ಟೆಲ್ಲ ಆಗುವಾಗ ನೀವು ಏನಂದುಕೊಂಡಿದ್ದಿರಿ ಎಂದು ಕೇಳಿದಳು. ಆನೆ ಅಂದುಕೊಂಡಿದ್ದೆ ಎಂದು ಹೇಗೆ ಹೇಳುವುದು? ಜೊತೆಗೆ ಬಂದಿದ್ದ ಜಯಂತಿ ಹೇಳಿಬಿಟ್ಟಳು. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದಳು. ಏನು ಕೆಲಸ ಎಂದು ಕೇಳಿದಳು. ವಿಜ್ಞಾನದ ಮೇಷ್ಟ್ರು ಎಂದಾಗ ಅವಳ ಮುಖದಲ್ಲಿ ಆದ ಬದಲಾವಣೆಯನ್ನು ನಾನು ಮರೆಯಲಾರೆ. ಇನ್ನಷ್ಟು ದಿನ ಹೀಗೇ ಬಿಟ್ಟಿದ್ದರೆ ಕಣ್ಣು, ಕಿಡ್ನಿ, ಕಾಲು ಯಾವುದಕ್ಕೂ ಭರವಸೆ ಇರಲಿಲ್ಲ, ಈಗಲೂ ನಿಮ್ಮ ಪಾದದಲ್ಲಿ ಸ್ಪರ್ಶ ಕಡಿಮೆಯಾಗಿದೆ, ಇವತ್ತಿನಿಂದ ಬರಿಗಾಲಲ್ಲಿ ಅಂಗಳಕ್ಕೆ ಇಳಿಯಬೇಡಿ ಎಂದಳು.

ಹೊರಗೆ ಬಂದ ಮೇಲೆ ಜಯಂತಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಅತ್ತಳು. ನಾನು ಆಚೀಚೆ ನೋಡಿ, ಜನ ನೋಡುತ್ತಿದ್ದಾರೆ ಕಣೇ ಎಂದೆ.

“ನೀವು ಕಾಯ್ತಾ ಇದೀರಾ ಅಂತ ನಾನು ಹಾಯಾಗಿ ಮಲಗ್ತಿದ್ದೆ ಕಣ್ರೀ. ಎಷ್ಟು ನಿದ್ದೆ ಮಾಡಿದೀನಿ ನಾನು!” ಎಂದಳು. ಅವಳು ಅಷ್ಟು ಒಳ್ಳೆಯ ನಿದ್ದೆ ಮಾಡಿದ್ದಕ್ಕೆ ಅಳುವುದನ್ನು ಕಂಡು ನನಗೂ ಕಣ್ಣು ತುಂಬಿತು. ಭಾವ ಇಬ್ಬರಿಗೂ ಸಕ್ಕರೆಯಿಲ್ಲದ ಟೀ ತಂದುಕೊಟ್ಟರು. ಜಯಂತಿಗೆ ಸಕ್ಕರೆ ಕಾಯಿಲೆ ಇಲ್ಲ ಎಂಬುದು ಅವರಿಗೆ ನೆನಪಾಗಲಿಲ್ಲ.

ಮರುದಿನ ಸನ್ಮಾನ. ಇದನ್ನು ಹೇಗೆ ಒಪ್ಪಿಕೊಳ್ಳುವುದು? ರಾತ್ರಿಯಿಡೀ ಯೋಚಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದೇ ಸರಿ ಎಂದು ನಿರ್ಧರಿಸಿದೆ. ಪೊನ್ನಪ್ಪನವರು ಮೈಕು ಹಿಡಿದು, ಇಂಥ ಮನುಷ್ಯ ಇನ್ನೊಬ್ಬ ಸಿಗುವುದಿಲ್ಲ, ನಾನು ಯಾವಾಗ ಫೋನು ನೋಡಿದರೂ ಮೇಷ್ಟ್ರು ಎಚ್ಚರ ಇರುತ್ತಾರೆ ಎಂದು ಗದ್ಗದರಾದರು. ಶಾಲು ಹೊದಿಸಿದರು. ನಾನು ಮೈಕಿನ ಮುಂದೆ ನಿಂತು ಧೈರ್ಯ ತಂದುಕೊಂಡು, ನೋಡಿ, ನಾನು ನಿಮ್ಮನ್ನು ಕಾಯಲು ಏಳುತ್ತಿರಲಿಲ್ಲ, ಮೂತ್ರ ಮಾಡಲು ಏಳುತ್ತಿದ್ದೆ, ನನಗೆ ಸಕ್ಕರೆ ಕಾಯಿಲೆ ಇದೆ ಎಂದೆ. ನಾನು ಕಲ್ಲೇಟಿಗೆ ಸಿದ್ಧನಾಗಿ ನಿಂತೆ. ಎಲ್ಲರೂ ಹೋ ಎಂದು ನಕ್ಕು ಚಪ್ಪಾಳೆ ತಟ್ಟಿದರು. ಎಷ್ಟು ದೊಡ್ಡ ಮನಸ್ಸು ನೋಡಿ, ಹೊಗಳಿಕೆ ತಪ್ಪಿಸಿಕೊಳ್ಳಲು ತನ್ನ ಮೇಲೆ ತಾನೇ ಕಾಯಿಲೆ ಹೇರಿಕೊಳ್ಳುತ್ತಾರೆ ಎಂದು ಪೊನ್ನಪ್ಪನವರು ಮೈಕು ಕಿತ್ತುಕೊಂಡು ಹೇಳಿದರು. ಸತ್ಯ ಹೇಳಿದರೆ ಜನ ಹೊಡೆಯಬಹುದು ಎಂದುಕೊಂಡಿದ್ದೆ, ಚಪ್ಪಾಳೆ ಹೊಡೆಯುತ್ತಾರೆ ಎಂದುಕೊಂಡಿರಲಿಲ್ಲ. ಆಮೇಲೆ ಕೊಟ್ಟ ಹಣ್ಣಿನ ಬುಟ್ಟಿಯನ್ನು ಶಿವಣ್ಣ ಭಾವ ನನ್ನ ಕೈಗೆ ಬರುವ ಮೊದಲೇ ಇಸಿದುಕೊಂಡು ಮಕ್ಕಳಿಗೆ ಹಂಚಿದರು.

ಮಾತ್ರೆ ಶುರುವಾಯಿತು. ರಾಗಿ ಮುದ್ದೆ, ಸೊಪ್ಪಿನ ಸಾರು, ಸಂಜೆ ನಡಿಗೆ. ಜಯಂತಿ ಜೇನಿನ ಬಾಟಲಿಯನ್ನು ಎಲ್ಲಿ ಬಚ್ಚಿಟ್ಟಳೋ ಇವತ್ತಿಗೂ ಗೊತ್ತಿಲ್ಲ, ಹುಡುಕಿದ್ದೇನೆ. ಮನೆಯೊಳಗೆ ಬಾತ್‌ರೂಮು ಕಟ್ಟಿಸುವುದಕ್ಕೂ ಒಪ್ಪಿದೆ. ಅಪ್ಪನ ಹಟ ಮುರಿಯುತ್ತಿದ್ದೇನೆ ಎಂಬ ಬೇಸರ ಈಗ ಇಲ್ಲ, ಅಪ್ಪನಿದ್ದರೆ ಅವರಿಗಾಗಿಯೇ ಕಟ್ಟಿಸಬೇಕಿತ್ತು ಎನ್ನಿಸುತ್ತದೆ. ಕೆಲವು ವಾರದಲ್ಲಿ ಸಕ್ಕರೆ ಇಳಿಯುತ್ತಾ ಬಂತು. ರಾತ್ರಿ ಏಳುವುದು ನಿಂತಿತು. ಗುಂಪಿನಲ್ಲಿ ‘ಆನೆ ಇಲ್ಲ’ ಎಂಬ ಮೆಸೇಜೂ ನಿಂತಿತು. ಆಗ ಊರಿಗೂ ನನ್ನ ಕಾಯಿಲೆ ನಿಜ ಎಂದು ನಂಬಿಕೆ ಬಂತು. ಹಾಲುವಾಣದ ಬುಡದ ಇರುವೆಗಳು ಬೇರೆ ಕಡೆ ಹೋದವು. ನನ್ನ ಆರೋಗ್ಯ ಸುಧಾರಿಸಿದ್ದು ಊರಿಗೆ ಅಷ್ಟೊಂದು ಇಷ್ಟವಾದಂತೆ ಕಾಣಲಿಲ್ಲ. ಅಂಗಡಿಯ ಮುಂದೆ ಸಿಕ್ಕವರು, ಈಗ ಹೇಗಿದ್ದೀರಿ ಮೇಷ್ಟ್ರೇ ಎಂದು ಕೇಳುತ್ತಾರೆ, ಕಂಟ್ರೋಲಿಗೆ ಬಂದಿದೆ ಎಂದರೆ ಓಹೋ ಹೌದಾ ಎಂದು ಮುಖ ಸಣ್ಣ ಮಾಡಿಕೊಳ್ಳುತ್ತಾರೆ.

ಕಕ್ಕಡದ ಒಂದು ರಾತ್ರಿ ನನಗೆ ನಿಜವಾಗಿಯೂ ಎಚ್ಚರವಾಯಿತು. ಈ ಸಲ ಹೊರಗೆ ಹೋಗುವ ಅವಸರವೇನೂ ಇರಲಿಲ್ಲ. ಮಳೆಯ ನಡುವೆ ಪೊನ್ನಪ್ಪನವರ ತೋಟದ ಕಡೆಯಿಂದ ಬಾಳೆ ಮುರಿಯುವ ಸದ್ದು. ಉಸಿರು ಬಿಡುವ ಸದ್ದು. ಆನೆಯೇ. ಊರು ಇಷ್ಟು ದಿನ ಯಾವ ಗಳಿಗೆಗಾಗಿ ನನ್ನನ್ನು ಹೊಗಳಿತ್ತೋ ಆ ಗಳಿಗೆ ಬಂದಿತ್ತು. ಸನ್ಮಾನದ ಶಾಲು ಹಾಸಿಗೆಯ ಪಕ್ಕದಲ್ಲೇ ಇತ್ತು. ಅದನ್ನು ಎಳೆದುಕೊಂಡು ತಲೆಯವರೆಗೆ ಹೊದ್ದುಕೊಂಡೆ. ತಟ್ಟೆಯ ಹತ್ತಿರ ಹೋಗಲು ಕಾಲು ಬರಲಿಲ್ಲ. ಅವಸರವಿಲ್ಲದಾಗ ನನ್ನಲ್ಲಿ ಎಳ್ಳಷ್ಟೂ ಧೈರ್ಯವಿಲ್ಲ ಎಂದು ಆಗ ಖಾತ್ರಿಯಾಯಿತು.

ಅದಾಗಿ ಎರಡು ದಿನಕ್ಕೆ ಕಕ್ಕಡ ಹದಿನೆಂಟು. ಸಂಜೆ ಪೊನ್ನಪ್ಪನವರು ಕೊಡೆ ಮಡಚಿ ಜಗಲಿಗೆ ಬಂದರು. ಕೈಯಲ್ಲಿ ಮುಚ್ಚಿದ ಬಟ್ಟಲು. ಮುಚ್ಚಳ ತೆಗೆದರೆ ಮದ್ದು ಪಾಯಸ, ಮೇಲೆ ತುಪ್ಪ, ಜೇನು. ಆ ಪರಿಮಳಕ್ಕೆ ನನ್ನ ಜೀವ ಬಾಯಿಗೆ ಬಂತು. ಜಯಂತಿ ಹಿತ್ತಲಲ್ಲಿದ್ದಳು. ಪೊನ್ನಪ್ಪನವರು ಬಾಳೆ ತೋಟದ ಪಾಡು ವಿವರಿಸಿದರು, ಅರ್ಧ ತೋಟ ನೆಲಕ್ಕೆ ಬಿದ್ದಿದೆ ಎಂದರು. ನಾನು ನೆಲ ನೋಡುತ್ತಾ ಕೂತೆ.

“ಎಂತ ಮೇಷ್ಟ್ರೇ, ಈಗ ರಾತ್ರಿ ಏಳುದೇ ಇಲ್ವಾ?” ಎಂದು ಕೇಳಿದರು.

ಇಲ್ಲ, ಮಾತ್ರೆ ಕೊಟ್ಟಿದ್ದಾರಲ್ಲ, ಬೆಳಗಿನ ತನಕ ನಿದ್ದೆ ಬರುತ್ತದೆ ಎಂದೆ. ಒಳ್ಳೆಯದು ಒಳ್ಳೆಯದು ಎಂದು ಸಾವಿನ ಮನೆಯಲ್ಲಿ ಹೇಳುವ ದನಿಯಲ್ಲಿ ಹೇಳಿ, ಚಮಚ ಸಮೇತ ಬಟ್ಟಲನ್ನು ನನ್ನ ಕೈಗಿಟ್ಟರು.

“ಇದು ಸ್ವೀಟ್ ಅಂತ ಲೆಕ್ಕ ಇಲ್ಲ ಮಾರಾಯ್ರೇ, ಮದ್ದು. ಉಳಿದ ಗೊನೆ ಕಡಿಯುವ ತನಕ ನಿಮಗೆ ಸಕ್ಕರೆ ಒಂಚೂರು ಏರಿದ್ರೂ ಎಂತ ಆಗುದಿಲ್ಲ. ನಿಮ್ಮ ಮೆಸೇಜ್ ಇಲ್ಲದೆ ನನಗೂ ಬೇಜಾರು. ರಾತ್ರಿ ಎದ್ದಾಗೆಲ್ಲ ಫೋನ್ ನೋಡ್ತೇನೆ, ಏನೂ ಇರುದಿಲ್ಲ.”

“ಎದ್ದಾಗೆಲ್ಲ?” ಎಂದೆ.

“ಹೌದಲ್ಲ, ಬಾಯಿ ಒಣಗ್ತದೆ, ನೀರಿಗೆ ಏಳ್ತೇನೆ. ಆಮೇಲೆ ಬಾತ್‌ರೂಮಿಗೆ. ನಮ್ಮದು ಒಳಗೇ ಉಂಟಲ್ಲ, ಯಾರಿಗೂ ಗೊತ್ತಾಗುದಿಲ್ಲ.”

ಹಲಸಿನ ಕಾಲದಿಂದ ನಾನು ಎದ್ದಾಗೆಲ್ಲ, ಯಾವ ಹೊತ್ತಾದರೂ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬರುತ್ತಿದ್ದ ಆ ಹೆಬ್ಬೆರಳು! ಅದನ್ನು ನಾನು ನನಗೆ ಸಿಕ್ಕ ಮೆಚ್ಚುಗೆ ಎಂದು ನೋಡಿ ನೋಡಿ ಹಿಗ್ಗಿದ್ದೆನೇ ಹೊರತು, ಆ ಹೊತ್ತಿನಲ್ಲಿ ಈ ಮನುಷ್ಯ ಯಾಕೆ ಎಚ್ಚರವಿದ್ದಾನೆ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಅವರ ಶರ್ಟು ನೋಡಿದೆ, ಹೆಗಲಿನಿಂದ ಜೋತು ಬಿದ್ದಿತ್ತು. ಅಂಗಾಲು ಉರಿಯುತ್ತದಾ ಎಂದು ಕೇಳಿದೆ. ಹೌದು, ಮಳೆಗೆ ಎಂದರು. ಕಣ್ಣು? ವಯಸ್ಸಾಯಿತಲ್ಲ ಎಂದರು. ಇಷ್ಟು ಹೇಳುವಷ್ಟರಲ್ಲಿ ಅವರಿಗೂ ಏನೋ ಹೊಳೆಯಿತು. ಅವರ ಮುಖ ಬಿಳಿಚಿಕೊಂಡಿತು. ಪಾಪ, ಆ ಭಯ ಎಂಥದು ಎಂದು ನನಗೆ ಗೊತ್ತು.

“ನಾಳೆ ಬೆಳಿಗ್ಗೆ ಏನೂ ತಿನ್ನಬೇಡಿ, ಕಾಫಿಯೂ ಬೇಡ. ನಾನೂ ಬರ್ತೀನಿ,” ಎಂದೆ. ಹೇಳಿದ ಮೇಲೆ ತಿಳಿಯಿತು, ಇದು ಶಿವಣ್ಣ ಭಾವನ ಮಾತು, ಅವರದೇ ಗತ್ತಿನಲ್ಲಿ ಬಂದಿತ್ತು. ಪೊನ್ನಪ್ಪನವರು ತಲೆಯಾಡಿಸಿ, ಕೊಡೆಯನ್ನೂ ಮರೆತು, ಮಳೆಯಲ್ಲೇ ಮೆಲ್ಲಗೆ ನಡೆದು ಹೋದರು.

ನಾನು ಅವರು ಹೋದ ದಾರಿಯನ್ನೇ ನೋಡುತ್ತಾ ಕೂತೆ. ಛೆ, ಮನುಷ್ಯ ಎಷ್ಟು ದಡ್ಡ ಎಂದು ನನಗೆ ಆಶ್ಚರ್ಯವಾಯಿತು. ತನ್ನದೇ ಮೈ ರಾತ್ರಿ ರಾತ್ರಿ ಎಬ್ಬಿಸಿ ಹೇಳುತ್ತಿದ್ದರೂ ಕಿವಿಗೆ ಹಾಕಿಕೊಳ್ಳದೆ ಇರುತ್ತಾರಲ್ಲ ಜನ! ನಾಳೆ ದಾರಿಯಲ್ಲಿ ಅವರಿಗೆ ಸರಿಯಾಗಿ ಬುದ್ಧಿ ಹೇಳಬೇಕು, ಪಥ್ಯ ಎಂದರೇನು, ಬಾಯಿ ಕಟ್ಟುವುದು ಎಂದರೇನು ಎಂದು ನನ್ನನ್ನೇ ಉದಾಹರಣೆ ಕೊಟ್ಟು ತಿಳಿಸಬೇಕು ಎಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಹಿಂದೆ ಬಾಗಿಲಲ್ಲಿ ಬಳೆಯ ಸದ್ದಾಯಿತು. ತಿರುಗಿ ನೋಡಿದರೆ ಜಯಂತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ. ಬೇಗ ಬಾ, ಪೊನ್ನಪ್ಪನವರಿಗೆ ಸಕ್ಕರೆ ಇರಬೇಕು ಕಣೇ ಎಂದು ಹೇಳಲು ಹೋದೆ. ಮಾತು ಹೊರಡಲಿಲ್ಲ. ಬಟ್ಟಲು ಖಾಲಿಯಾಗಿತ್ತು, ಚಮಚ ನನ್ನ ಬಾಯಲ್ಲಿತ್ತು.